ವಿಯೆಟ್ನಾಂಗೆ ಹೊರಟಿದ್ದೀರಾ? ಬರುವಾಗ ಬ್ಯಾಗಿನಲ್ಲಿ ಬಳ್ಳಿ ಬೇಡ

ವಿಯೆಟ್ನಾಂಗೆ ಟಿಕೆಟ್ ಆಗಿದೆ ಅಂತ ಗೊತ್ತಾದ ಸಂಜೆಯೇ ಪಕ್ಕದ ತೋಟದ ಅಣ್ಣ ಬೇಲಿ ಹತ್ರ ಬಂದು ನಿಂತರು. "ನಂಗೆ ಮತ್ತೆಂತದೂ ಬೇಡ ಮಾರಾಯ. ಬರ್ತಾ ಎರಡು ಕುಡಿ ಮೆಣಸಿನ ಬಳ್ಳಿ ತಗಂಡು ಬಾ. ಒದ್ದೆ ಬಟ್ಟೆಲಿ ಸುತ್ತಿ ಬ್ಯಾಗಿನ ಅಡಿಗೆ ಇಟ್ಕಂಡ್ರೆ ಯಾರಿಗೆ ಗೊತ್ತಾಗತ್ತೆ?"

ನಾನು ಆಗ ಹೂಂ ಅಂದುಬಿಟ್ಟೆ. ಆ ಹೂಂ ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ. ಅದನ್ನು ಕೊನೆಯಲ್ಲಿ ಹೇಳ್ತೀನಿ.

ಈಗ ನಮ್ಮ ಕಡೆಯ ಯುವಕರು ವಿದೇಶಕ್ಕೆ ಹೋಗೋದು ಅಪರೂಪವಲ್ಲ. ಕಾಫಿ, ಮೆಣಸು ಬೆಳೆಯೋರಿಗೆ ವಿಯೆಟ್ನಾಂ ಅಂದರೆ ಕುತೂಹಲ ಇದ್ದೇ ಇದೆ. ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ, ರೊಬಸ್ಟಾದಲ್ಲಿ ಮತ್ತು ಮೆಣಸಿನ ರಫ್ತಿನಲ್ಲಿ ಜಗತ್ತಿಗೇ ಮೊದಲು. ನಮ್ಮ ಮೆಣಸಿನ ರೇಟು ಏರಿದಾಗ, ಇಳಿದಾಗ ಅವರ ಹೆಸರು ಕೇಳಿಬರುತ್ತದೆ. ಅವರ ತೋಟ ಹೇಗಿದೆ ನೋಡಿ ಬರೋಣ ಅನ್ನಿಸೋದು ಸಹಜ. ನಾವು ನಾಲ್ಕು ಜನ ಗೆಳೆಯರು ಹಾಗೇ ಹೊರಟಿದ್ದು. ಮೊದಲ ಸಲ ಹೋಗುವವರಿಗೆ ಉಪಯೋಗ ಆಗಲಿ ಅಂತ ನಾವು ಕಲಿತದ್ದನ್ನು, ಎಡವಿದ್ದನ್ನು ಇಲ್ಲಿ ಬರೆದಿದ್ದೇನೆ.

ಯಾವಾಗ ಹೋಗಬೇಕು?

ಮೊದಲು ನಿಮ್ಮ ತೋಟದ ಕೆಲಸ ನೋಡಿ, ಆಮೇಲೆ ಟಿಕೆಟ್ ದರ ನೋಡಿ. ವಿಯೆಟ್ನಾಂನ ಕಾಫಿ ಸೀಮೆ ಅಂದರೆ ಮಧ್ಯದ ಎತ್ತರ ಪ್ರದೇಶ. ಅಲ್ಲಿನ ಮುಖ್ಯ ಊರು ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥುಟ್. ಅಲ್ಲಿ ಕಾಫಿ ಕುಯ್ಲು ಸುಮಾರಾಗಿ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ, ಮೆಣಸಿನ ಕುಯ್ಲು ಫೆಬ್ರವರಿಯಿಂದ ಏಪ್ರಿಲ್. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಕಮ್ಮಿ.

ಮೆಣಸಿನ ಕುಯ್ಲು ನಮ್ಮಲ್ಲೂ ಅದೇ ಹೊತ್ತಿಗೆ ಬರುತ್ತದೆ. ರೊಬಸ್ಟಾ ಇರುವವರಿಗೆ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರ ಒಳ್ಳೆಯದು. ನಮ್ಮ ಹಣ್ಣು ಇನ್ನೂ ಕುಯ್ಲಿಗೆ ಬಂದಿರುವುದಿಲ್ಲ, ಅಲ್ಲಿ ಕುಯ್ಲು ಜೋರಾಗಿ ನಡೆಯುತ್ತಿರುತ್ತದೆ. ಅರೇಬಿಕಾ, ಗದ್ದೆ, ಅಡಿಕೆ ಕೊಯ್ಲು ಇರುವವರು ಮನೆಯಲ್ಲಿ ಕೂತು ಮಾತಾಡಿಯೇ ದಿನ ಗೊತ್ತು ಮಾಡಬೇಕು. ಹೂಮಳೆಗೆ ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ-ಮಾರ್ಚಿನಲ್ಲಿ ಮಾತ್ರ ಹೊರಡಬೇಡಿ.

ಇನ್ನೊಂದು ಎಚ್ಚರಿಕೆ. ಜನವರಿ ಕೊನೆಯಲ್ಲಿ ಅಥವಾ ಫೆಬ್ರವರಿಯಲ್ಲಿ ಅವರ ಹೊಸ ವರ್ಷ ಬರುತ್ತದೆ, 'ಟೆಟ್' ಅಂತ ಹೆಸರು. ನಮ್ಮ ಯುಗಾದಿ ದೀಪಾವಳಿ ಎರಡೂ ಸೇರಿದಷ್ಟು ದೊಡ್ಡ ಹಬ್ಬ. ಆ ವಾರ ಅಂಗಡಿ ಮುಚ್ಚಿರುತ್ತವೆ, ಬಸ್ಸು ತುಂಬಿರುತ್ತವೆ, ತೋಟ ತೋರಿಸೋಕೆ ಯಾರೂ ಸಿಗೋದಿಲ್ಲ.

ಪಾಸ್‌ಪೋರ್ಟ್: ಹೆಸರಿನ ಕಡೆ ಗಮನ

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅಥವಾ ಸರ್ಕಾರದ್ದೇ ಆ್ಯಪ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ದೊಡ್ಡವರಿಗೆ 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1500 ರೂಪಾಯಿ, 10 ವರ್ಷ ಬರುತ್ತದೆ. ತತ್ಕಾಲ್‌ಗೆ ಮೇಲೆ 2000 ರೂಪಾಯಿ. ಈಗ ಎಷ್ಟೋ ಊರುಗಳಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಬೆಂಗಳೂರಿಗೇ ಓಡಬೇಕಿಲ್ಲ. ಸರ್ಕಾರದ ಜಾಲತಾಣದ ಥರಾನೇ ಕಾಣುವ ನಕಲಿ ತಾಣಗಳು ಬೇಕಾದಷ್ಟಿವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯಾ ನೋಡಿಕೊಂಡೇ ದುಡ್ಡು ಕಟ್ಟಿ.

ನಮ್ಮವರಿಗೆ ತೊಂದರೆ ಆಗುವುದು ಇನಿಷಿಯಲ್‌ನಲ್ಲಿ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಹೆಸರು ಇರುತ್ತದೆ. ಅರ್ಜಿಗೆ ಮೊದಲೇ ಆಧಾರ್ ಮತ್ತು ಅಂಕಪಟ್ಟಿ ಹೊಂದಿಕೆ ಮಾಡಿಕೊಳ್ಳಿ. ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದು ಉಪನಾಮದ ಜಾಗ ಖಾಲಿ ಇದ್ದರೆ ಕೆಲವು ದೇಶಗಳಲ್ಲಿ, ಉದಾಹರಣೆಗೆ ಯುಎಇಯಲ್ಲಿ, ಪ್ರವಾಸಿ ವೀಸಾಗೆ ತೊಡಕಾಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದವರು ಅಂಕಪಟ್ಟಿ ಕೊಡಲು ಮರೆಯಬೇಡಿ. ಇಲ್ಲದಿದ್ದರೆ 'ಇಸಿಆರ್' ವರ್ಗದ ಪಾಸ್‌ಪೋರ್ಟ್ ಬರುತ್ತದೆ. ಪ್ರವಾಸಕ್ಕೆ ಅದು ಅಡ್ಡಿಯಲ್ಲ, ಆದರೆ ಮುಂದೆ ಗಲ್ಫ್ ಕಡೆ ಕೆಲಸಕ್ಕೆ ಹೋಗುವುದಾದರೆ ಸರ್ಕಾರದ ಅನುಮತಿ ಬೇಕಾಗುತ್ತದೆ.

ಹಳೆ ಪಾಸ್‌ಪೋರ್ಟ್ ಇರುವವರು ಹೊರಡುವ ದಿನದಿಂದ ಕನಿಷ್ಠ 6 ತಿಂಗಳು ಅವಧಿ ಉಳಿದಿದೆಯಾ ನೋಡಿ.

ಇ-ವೀಸಾ: ಆತುರ ಬೇಡ

ವಿಯೆಟ್ನಾಂಗೆ ಫೋನಿನಲ್ಲೇ ಇ-ವೀಸಾ ಮಾಡಿಕೊಳ್ಳಬಹುದು. 2023ರ ಆಗಸ್ಟ್ 15ರಿಂದ 90 ದಿನದವರೆಗಿನ ಇ-ವೀಸಾ ಕೊಡುತ್ತಿದ್ದಾರೆ. ಒಂದು ಸಲ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್. ಅವರ ಸರ್ಕಾರದ ತಾಣದ ವಿಳಾಸ 'ಗವ್ ಡಾಟ್ ವಿಎನ್' ಎಂದು ಮುಗಿಯುತ್ತದೆ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ಜಾಹೀರಾತು ತಾಣಗಳು ಏಜೆಂಟರದ್ದು, ಎರಡು ಮೂರು ಪಟ್ಟು ಕೇಳುತ್ತವೆ.

ನಮ್ಮಲ್ಲೊಬ್ಬ ಗೆಳೆಯ ಬಸ್ಸಿನಲ್ಲಿ ಕೂತು ಅರ್ಜಿ ತುಂಬಿದ. ಹುಟ್ಟಿದ ತಾರೀಖು ಮತ್ತು ತಿಂಗಳು ಅದಲು ಬದಲಾಯ್ತು. ಕಟ್ಟಿದ ದುಡ್ಡು ವಾಪಸ್ ಬರೋದಿಲ್ಲ, ಮತ್ತೆ 25 ಡಾಲರ್ ಕಟ್ಟಿ ಹೊಸದಾಗಿ ಹಾಕಬೇಕಾಯ್ತು. ಹಾಗಾಗಿ ಮನೆಯಲ್ಲಿ ಕೂತು, ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು, ತುಂಬಿದ್ದನ್ನು ಇನ್ನೊಬ್ಬರಿಗೆ ಓದಿಸಿ ಆಮೇಲೆ ಕಳಿಸಿ. ಯಾವ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ ಅನ್ನೋದನ್ನೂ ಸರಿಯಾಗಿ ನಮೂದಿಸಿ. ವೀಸಾ ಬರಲು ಸಾಮಾನ್ಯವಾಗಿ ಮೂರು ಕೆಲಸದ ದಿನ ಅನ್ನುತ್ತಾರೆ, ಆದರೂ ಎರಡು ಮೂರು ವಾರ ಮುಂಚೆ ಹಾಕುವುದು ಕ್ಷೇಮ. ಬಂದ ಮೇಲೆ ಎರಡು ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಇಲ್ಲೇ ಒಂದು ಮಾತು. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆದು, ಮ್ಯಾನ್ಮಾರ್, ಕಾಂಬೋಡಿಯಾದ ಸೈಬರ್ ವಂಚನೆ ಅಡ್ಡೆಗಳಿಗೆ ದೂಡಿದ ಪ್ರಕರಣಗಳಲ್ಲಿ ನಮ್ಮ ದೇಶದ ಹುಡುಗರೂ ಸಿಕ್ಕಿಹಾಕಿಕೊಂಡಿದ್ದಾರೆ. ಪ್ರವಾಸಕ್ಕೆ ಪ್ರವಾಸದ ವೀಸಾ, ಕೆಲಸಕ್ಕೆ ಕೆಲಸದ ವೀಸಾ.

ದುಡ್ಡಿನ ಲೆಕ್ಕ

ಅಲ್ಲಿನ ಹಣ ಡಾಂಗ್. ನಮ್ಮ ಒಂದು ರೂಪಾಯಿಗೆ ಮುನ್ನೂರು ಡಾಂಗ್ ಆಸುಪಾಸು. ಒಂದು ಕಾಫಿಗೆ 25 ಸಾವಿರ ಅಂದರೆ ಎದೆ ಧಸಕ್ ಅನ್ನುತ್ತೆ, ಲೆಕ್ಕ ಹಾಕಿದರೆ ನೂರು ರೂಪಾಯಿಗೂ ಕಮ್ಮಿ. 20 ಸಾವಿರದ ನೋಟು, 5 ಲಕ್ಷದ ನೋಟು ಎರಡೂ ನೀಲಿ ಬಣ್ಣದ ಪ್ಲಾಸ್ಟಿಕ್ ನೋಟು. ಕತ್ತಲಲ್ಲಿ ಅದಲು ಬದಲಾದರೆ ಒಂದು ದಿನದ ಖರ್ಚು ಹೋಯ್ತು. ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿಡಿ.

ಇಲ್ಲಿನ ಹಾಗೆ ಕ್ಯೂಆರ್ ಸ್ಕ್ಯಾನ್ ಮಾಡಿ ಹೋಗ್ತೀನಿ ಅಂದುಕೊಳ್ಳಬೇಡಿ. ಸ್ವಲ್ಪ ಡಾಲರ್ ನೋಟು, ಹರಿದಿರದೆ ಮಡಚಿರದೆ ಇರುವಂಥವು, ಬ್ಯಾಂಕಿನಿಂದಲೋ ಪರವಾನಗಿ ಇರುವ ವಿನಿಮಯ ಕೇಂದ್ರದಿಂದಲೋ ತೆಗೆದುಕೊಳ್ಳಿ. ಜೊತೆಗೆ ಎರಡು ಕಾರ್ಡ್ ಇರಲಿ. ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಚಾಲೂ ಮಾಡಿ, ಮಿತಿ ಹಾಕಿ.

ಟೂರ್ ಪ್ಯಾಕೇಜ್ ತೆಗೆದುಕೊಂಡರೆ ನಿಮ್ಮ ಪ್ಯಾನ್ ಮೇಲೆ 'ಟಿಸಿಎಸ್' ಅಂತ ತೆರಿಗೆ ಹಿಡಿಯುತ್ತಾರೆ. ಕೃಷಿ ಆದಾಯ ಬಿಟ್ಟು ಬೇರೆ ಇಲ್ಲದವರು ರಿಟರ್ನ್ಸ್ ಹಾಕುವುದೇ ಇಲ್ಲ, ಹಾಗಾಗಿ ಆ ದುಡ್ಡು ಹಾಗೇ ಹೋಗುತ್ತದೆ. ರಿಟರ್ನ್ಸ್ ಹಾಕಿದರೆ, ತೆರಿಗೆ ಬಾಕಿ ಇಲ್ಲದಿದ್ದರೆ ವಾಪಸ್ ಬರುತ್ತದೆ. ಪ್ರಯಾಣ ವಿಮೆ ಮಾತ್ರ ಬಿಡಬೇಡಿ. ಮತ್ತೆ, ಬೆಳೆ ಸಾಲದ ದುಡ್ಡಲ್ಲಿ ಟಿಕೆಟ್ ಮಾಡಬೇಡಿ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ. ತೋಟ ಎಲ್ಲೂ ಹೋಗೋದಿಲ್ಲ.

ಫೋನ್ ಸಿದ್ಧಪಡಿಸೋದು

- ಗೂಗಲ್ ಅನುವಾದದಲ್ಲಿ ವಿಯೆಟ್ನಾಮಿ ಭಾಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ತೋಟದ ಒಳಗೆ ನೆಟ್‌ವರ್ಕ್ ಇಲ್ಲದಾಗ ಕೆಲಸಕ್ಕೆ ಬರುತ್ತದೆ. ಮ್ಯಾಪ್ ಕೂಡ ಹಾಗೇ.
- ನಿಮ್ಮ ಇಲ್ಲಿನ ಸಿಮ್‌ನಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಹೊರಡುವ ಮುಂಚೆಯೇ ಚಾಲೂ ಮಾಡಿಸಿ. ಇಲ್ಲದಿದ್ದರೆ ಬ್ಯಾಂಕಿನ ಒಟಿಪಿ ಬರೋದಿಲ್ಲ. ಡೇಟಾ ರೋಮಿಂಗ್ ಆಫ್ ಇಟ್ಟು, ಅಲ್ಲಿನ ಸಿಮ್ ಅಥವಾ ಇ-ಸಿಮ್‌ನಲ್ಲಿ ಇಂಟರ್‌ನೆಟ್ ಬಳಸಿ.
- ಓಡಾಟಕ್ಕೆ 'ಗ್ರ್ಯಾಬ್' ಆ್ಯಪ್. ಕಾರು, ಬೈಕು ಎರಡೂ ಸಿಗುತ್ತವೆ, ದರ ಮೊದಲೇ ಗೊತ್ತಾಗುತ್ತದೆ.
- ಪಾಸ್‌ಪೋರ್ಟ್, ವೀಸಾ, ಟಿಕೆಟ್, ವಿಮೆ ಇವುಗಳ ಫೋಟೋ ನಿಮ್ಮ ಫೋನಿನಲ್ಲೂ ಮನೆಯವರ ಫೋನಿನಲ್ಲೂ ಇರಲಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಹನೋಯ್‌ನ ನಮ್ಮ ರಾಯಭಾರ ಕಚೇರಿ ಅಥವಾ ಹೊ ಚಿ ಮಿನ್ ಸಿಟಿಯ ಭಾರತೀಯ ಕಾನ್ಸುಲೇಟ್.
- ಹೊ ಚಿ ಮಿನ್ ಸಿಟಿಯಲ್ಲಿ ರಸ್ತೆ ಪಕ್ಕ ನಿಂತು ಫೋನ್ ನೋಡಬೇಡಿ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ.

ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಉಪ್ಪಿನಕಾಯಿ, ಚಟ್ನಿ, ಎಣ್ಣೆ ಲಗೇಜಿಗೆ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ದ್ರವದ ಬಾಟಲಿ ಬಿಡೋದಿಲ್ಲ. ನಮ್ಮ ಬ್ಯಾಗುಗಳಲ್ಲಿ ಎಲ್ಲೋ ಮೂಲೆಯಲ್ಲಿ ಕಸಿ ಚಾಕು, ಗಿಡ ಸವರೋ ಕತ್ತರಿ ಬಿದ್ದಿರುತ್ತದೆ. ಖಾಲಿ ಮಾಡಿ ಕೊಡವಿ ನೋಡಿ. ಡ್ರೋನ್ ಇರುವವರು ಮನೆಯಲ್ಲೇ ಬಿಡಿ, ಅಲ್ಲಿ ಹಾರಿಸಲು ಅನುಮತಿ ಬೇಕು.

ಗುಟ್ಕಾ, ಜಗಿಯುವ ತಂಬಾಕು ಇರುವವರು ಗಮನಿಸಿ. ಸಿಂಗಾಪುರದ ಮೇಲೆ ಹೋಗುವ ವಿಮಾನವಾದರೆ, ಆ ದೇಶದೊಳಕ್ಕೆ ಅದನ್ನು ಒಯ್ಯುವುದು ಕಾನೂನುಬಾಹಿರ. ಒಂದು ಪೊಟ್ಟಣಕ್ಕೂ ದಂಡ ಬೀಳಬಹುದು.

ತೋಟದವರಿಗೆ ಕೊಡಲು ಏನಾದರೂ ಒಯ್ಯಿರಿ. ನಾವು ಮೈಸೂರು ಸ್ಯಾಂಡಲ್ ಸೋಪ್ ಒಯ್ದಿದ್ದೆವು. ಮನೆಯ ಅಜ್ಜಿ ಮೂಸಿ ನೋಡಿ ನಕ್ಕರು. ಭಾಷೆ ಬಾರದಿದ್ದರೂ ಅಲ್ಲಿಂದ ಮುಂದೆ ನಾವು ಪರಕೀಯರಾಗಿರಲಿಲ್ಲ.

ರಸ್ತೆ ಮತ್ತು ಊಟ

ಮಲೆನಾಡಿನಿಂದ ಹೊರಡುವವರಿಗೆ ಬೆಂಗಳೂರು ವಿಮಾನ ನಿಲ್ದಾಣಕ್ಕೇ ಆರೇಳು ಗಂಟೆ. ವಿಮಾನದ ಹೊತ್ತಿಗೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಹೊ ಚಿ ಮಿನ್ ಸಿಟಿಯಿಂದ ಬುವಾನ್ ಮಾ ಥುಟ್‌ಗೆ ವಿಮಾನದಲ್ಲಿ ಒಂದು ಗಂಟೆ, ಮಲಗಿಕೊಂಡು ಹೋಗುವ ರಾತ್ರಿ ಬಸ್ಸಿನಲ್ಲಿ ಸುಮಾರು ಎಂಟು ಗಂಟೆ.

ಅಲ್ಲಿ ವಾಹನ ಬಲಗಡೆ ಓಡುತ್ತವೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಬೈಕುಗಳ ಹೊಳೆಯೇ ಬರುತ್ತಿದ್ದರೂ ನಿಧಾನವಾಗಿ ಒಂದೇ ವೇಗದಲ್ಲಿ ನಡೆಯಿರಿ, ಅವರು ಸುತ್ತುಬಳಸಿ ಹೋಗುತ್ತಾರೆ. ಓಡಿದರೆ, ಹಿಂದೆ ಸರಿದರೆ ಅಪಾಯ. ಬೈಕ್ ಬಾಡಿಗೆಗೆ ಕೊಡುವವರು ಲೈಸೆನ್ಸ್ ಕೇಳದೇ ಇರಬಹುದು. ಆದರೆ ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ್ದು. ಬಿದ್ದು ಕಾಲು ಮುರಿದರೆ ವಿಮೆಯವರೂ ಕೈ ಎತ್ತುತ್ತಾರೆ.

ಸಸ್ಯಾಹಾರಿಗಳು ನೆನಪಿಡಬೇಕಾದ ಪದ 'ಚಾಯ್'. ಅದು ಟೀ ಅಲ್ಲ, ಸಸ್ಯಾಹಾರ ಅಂತ. 'ಕೊಮ್ ಚಾಯ್' ಅಂತ ಬೋರ್ಡ್ ಇದ್ದರೆ ಸಸ್ಯಾಹಾರಿ ಅನ್ನದ ಹೋಟೆಲು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಅಲ್ಲಿನ ಅನೇಕ ಬೌದ್ಧರು ಮಾಂಸ ಮುಟ್ಟುವುದಿಲ್ಲ, ಆ ದಿನ ಇಂಥ ಊಟ ಸುಲಭವಾಗಿ ಸಿಗುತ್ತದೆ. ಬೇರೆ ಹೋಟೆಲಿನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾರದ ಸಾಸ್ ಹಾಕಿರುತ್ತಾರೆ. ಮಾಂಸ ತಿನ್ನುವವರೂ ಯಾವ ಮಾಂಸ ಅಂತ ಕೇಳಿಯೇ ತಿನ್ನಿ.

ಕಾಫಿ ಮಾತ್ರ ಬಿಡಬೇಡಿ. ಲೋಟದ ಮೇಲೆ ಸಣ್ಣ ಫಿಲ್ಟರ್ ಕೂರಿಸಿ, ಹನಿ ಹನಿ ಇಳಿಸಿ, ಸಿಹಿ ಗಟ್ಟಿಹಾಲು, ಐಸು ಹಾಕಿ ಕೊಡುತ್ತಾರೆ. ನಮ್ಮ ರೊಬಸ್ಟಾದ ಅಣ್ಣತಮ್ಮನೇ, ಆದರೆ ರುಚಿ ಬೇರೆ. ಬುವಾನ್ ಮಾ ಥುಟ್‌ನ ವಿಶ್ವ ಕಾಫಿ ವಸ್ತುಸಂಗ್ರಹಾಲಯ, ಸೆರೆಪೊಕ್ ನದಿಯ ಡ್ರೇ ನೂರ್ ಜಲಪಾತ ನೋಡೋಕೆ ಒಂದು ದಿನ ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ತೋಟ ಅಂತ ಓಡಿದರೆ ಮೂರನೆಯದರಲ್ಲಿ ಕಣ್ಣು ಮಂಜಾಗುತ್ತದೆ. ದಿನಕ್ಕೊಂದೇ ಸಾಕು.

ತೋಟದಲ್ಲಿ ಏನು ಕೇಳಬೇಕು?

ಮೊದಲ ದಿನ ನಾವು ದಂಗಾದೆವು. ಕೆಂಪು ಮಣ್ಣು, ನೆರಳೇ ಇಲ್ಲದ ಬಯಲಲ್ಲಿ ಒತ್ತೊತ್ತಾಗಿ ಕಾಫಿ, ಗೆಣ್ಣು ಗೆಣ್ಣಿಗೂ ಹಣ್ಣು. ಅವರ ಸರಾಸರಿ ಇಳುವರಿ ಹೆಕ್ಟೇರಿಗೆ ಎರಡೂವರೆ ಟನ್ನಿಗೂ ಮೇಲೆ. ನಮ್ಮ ರೊಬಸ್ಟಾದ್ದು ಒಂದು ಟನ್ನಿನ ಆಸುಪಾಸು. ಒಬ್ಬ ಗೆಳೆಯ ಅಲ್ಲೇ ನಿರ್ಧಾರ ಮಾಡಿಬಿಟ್ಟ: "ಊರಿಗೆ ಹೋದ ತಕ್ಷಣ ಮರಗಸಿ ಜೋರಾಗಿ ಮಾಡಿಸಿ ನೆರಳು ತೆಗೀಬೇಕು ಕಣೋ."

ಇಂಥ ಹೊತ್ತಲ್ಲಿ ಮೂರು ಪ್ರಶ್ನೆ ಕೇಳಿ.

ಒಂದು, ನೀರು ಎಲ್ಲಿಂದ? ಅವರು ಬೇಸಿಗೆಯಲ್ಲಿ ಹಲವು ಸುತ್ತು ನೀರು ಕೊಡುತ್ತಾರೆ, ಬಹುಪಾಲು ಅಂತರ್ಜಲ. ಬಾವಿ ಎಷ್ಟು ಆಳ, ಹತ್ತು ವರ್ಷದ ಹಿಂದೆ ಎಷ್ಟಿತ್ತು ಕೇಳಿ.

ಎರಡು, ಗೊಬ್ಬರಕ್ಕೆ ಎಷ್ಟು? ಇಳುವರಿಯ ಅಂಕಿ ಎಲ್ಲರೂ ಹೇಳುತ್ತಾರೆ. ಖರ್ಚು ಕಳೆದು ಉಳಿಯುವುದೆಷ್ಟು ಅಂತ ಕೇಳಿದರೆ ಮಾತ್ರ ಲೆಕ್ಕ ಸಿಗುತ್ತದೆ. ಅಳತೆ ಬಗ್ಗೆ ಎಚ್ಚರ ಇರಲಿ. ಅವರು 'ಸಾವ್' ಅನ್ನುವ ಅಳತೆ ಹೇಳುತ್ತಾರೆ. ಈ ಎತ್ತರ ಪ್ರದೇಶದಲ್ಲಿ ಒಂದು ಸಾವ್ ಅಂದರೆ 1000 ಚದರ ಮೀಟರ್, ನಮ್ಮ ಸುಮಾರು 10 ಗುಂಟೆ. ದೇಶದ ಬೇರೆ ಕಡೆ ಅದೇ ಹೆಸರಿನ ಅಳತೆ ಇನ್ನೂ ಚಿಕ್ಕದು.

ಮೂರು, ಹತ್ತು ವರ್ಷದಲ್ಲಿ ಇಲ್ಲಿ ಸತ್ತಿದ್ದೇನು? ಈ ಪ್ರಶ್ನೆಗೇ ನಮಗೆ ದೊಡ್ಡ ಉತ್ತರ ಸಿಕ್ಕಿದ್ದು.

ಆ ಮನೆಯಾತ ಮಾತಾಡಲಿಲ್ಲ. ಬೈಕ್ ತೆಗೆದು ಸ್ವಲ್ಪ ದೂರದ ಇನ್ನೊಂದು ಜಾಗಕ್ಕೆ ಕರೆದುಕೊಂಡು ಹೋದ. ಸಾಲು ಸಾಲು ಸಿಮೆಂಟ್ ಕಂಬ. ಒಂದರ ಮೇಲೂ ಬಳ್ಳಿ ಇಲ್ಲ. ಮೆಣಸಿಗೆ ಚಿನ್ನದ ಬೆಲೆ ಬಂದಾಗ ಸಾಲ ಮಾಡಿ ಹಾಕಿದ್ದಂತೆ. ಮೊದಲು ಸೊರಗು ರೋಗ ಬಂತು, ಹಿಂದೆಯೇ ಬೆಲೆ ಬಿತ್ತು. ಈ ಪ್ರದೇಶದಲ್ಲಿ ಸಾವಿರಾರು ರೈತರಿಗೆ ಹೀಗಾಗಿದೆ. ಈಗ ಬಹಳ ಜನ ಡುರಿಯನ್ ಹಣ್ಣಿನ ಗಿಡ ಹಾಕುತ್ತಿದ್ದಾರೆ.

ನೆರಳು ತೆಗೀಬೇಕು ಅಂದ ಗೆಳೆಯ ವಾಪಸ್ ಬರುವವರೆಗೂ ಸುಮ್ಮನಿದ್ದ. ಅವರಿಂದ ಕಲಿಯುವುದು ಖಂಡಿತ ಇದೆ: ಸವರುವ ಶಿಸ್ತು, ಹಳೆ ಗಿಡದ ಮೇಲೆ ಕಸಿ ಕಟ್ಟಿ ಹೊಸದು ಮಾಡುವುದು, ಒಬ್ಬೊಬ್ಬರೂ ಇಟ್ಟಿರುವ ಲೆಕ್ಕದ ಪುಸ್ತಕ. ಆದರೆ ನಮ್ಮ ಇಳಿಜಾರು, ನಮ್ಮ ಮಳೆಗೆ ನೆರಳು ಯಾಕೆ ಬೇಕು ಅನ್ನೋದು ನಮ್ಮ ತೋಟದಲ್ಲೇ ನಿಂತು ಯೋಚಿಸುವ ವಿಷಯ.

ಬಳ್ಳಿ ಯಾಕೆ ತರಲಿಲ್ಲ

ಹೊರಡುವ ದಿನ ಆತ ಒಳ್ಳೆ ಮನಸ್ಸಿಂದ ಒಂದು ಕಟ್ಟು ಕುಡಿ ಕತ್ತರಿಸಿ ಕೈಗೆ ಕೊಡಲು ಬಂದ. ಎಲೆ ಹೊಳೆಯುತ್ತಿದ್ದವು, ಯಾವ ರೋಗವೂ ಕಾಣಿಸುತ್ತಿರಲಿಲ್ಲ. ಬೇಲಿ ಹತ್ರ ನಿಂತಿದ್ದ ಅಣ್ಣ ನೆನಪಾದರು. ಕಣ್ಣ ಮುಂದೆ ಆ ಖಾಲಿ ಕಂಬಗಳೂ ಇದ್ದವು. ಕೈಮುಗಿದು ಬೇಡ ಅಂದೆ.

ಸೊರಗು ರೋಗದ ಶಿಲೀಂಧ್ರ, ಬೇರಿನ ಜಂತುಹುಳು ಬರಿಗಣ್ಣಿಗೆ ಕಾಣೋದಿಲ್ಲ. ಬಳ್ಳಿ ಚೆನ್ನಾಗಿ ಕಂಡರೂ ಒಳಗೆ, ಬೇರಿಗೆ ಅಂಟಿದ ಚಿಟಿಕೆ ಮಣ್ಣಲ್ಲಿ ಬರಬಹುದು. ಈ ರೋಗ ನಮ್ಮಲ್ಲೂ ಇದೆಯಲ್ಲ ಅನ್ನಬಹುದು. ಇರುವ ರೋಗದ ಹೊಸ ತಳಿ ಬಂದರೆ ಈಗಿನ ಔಷಧ, ಈಗಿನ ತಡೆ ಶಕ್ತಿ ನಡೆಯುತ್ತದೆ ಅಂತ ಖಾತ್ರಿ ಏನು?

ಹೊರಗಿಂದ ಬಂದ ಕೀಟ ಏನು ಮಾಡುತ್ತದೆ ಅಂತ ನಾವು ಓದಿ ತಿಳಿಯಬೇಕಿಲ್ಲ. ಕಾಫಿ ಕಾಯಿಕೊರಕ ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಇವತ್ತಿಗೂ ಬೆರ್ರಿ ಬೋರರ್ ಅಂದರೆ ನಮಗೆ ನಿದ್ದೆ ಇಲ್ಲ. ತೆಂಗಿನ ಸುರುಳಿ ಬಿಳಿನೊಣ 2016ರಲ್ಲಿ ಬಂತು. ಮೆಕ್ಕೆಜೋಳದ ಫಾಲ್ ಸೈನಿಕ ಹುಳು 2018ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಕರ್ನಾಟಕದಲ್ಲೇ. ಬಂದಮೇಲೆ ಯಾವುದೂ ವಾಪಸ್ ಹೋಗಿಲ್ಲ.

ಕಾನೂನೂ ಸ್ಪಷ್ಟ ಇದೆ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನಾಟಿ ಬಳ್ಳಿ, ಬೀಜ ತರುವಂತಿಲ್ಲ. ಮಣ್ಣಂತೂ ಬೇಡವೇ ಬೇಡ. ಚೀಲದಲ್ಲಿ ಏನಾದರೂ ಇದ್ದರೆ ವಿಮಾನ ನಿಲ್ದಾಣದಲ್ಲಿ ನೀವೇ ಹೇಳಬೇಕು. ಮರೆಯುವಂಥದ್ದು ಬೂಟು. ಅಲ್ಲಿನ ತೋಟ ತಿರುಗಿದ ಬೂಟಿನ ಮಣ್ಣನ್ನು ಅಲ್ಲೇ ಉಜ್ಜಿ ತೊಳೆದು ಒಣಗಿಸಿ. ಸಾಧ್ಯವಾದರೆ ಹಳೇ ಬೂಟು ಹಾಕಿಕೊಂಡು ಹೋಗಿ ಅಲ್ಲೇ ಬಿಟ್ಟು ಬನ್ನಿ. ಬಟ್ಟೆ ಬಿಸಿನೀರಲ್ಲಿ ಒಗೆಯುವವರೆಗೆ ತೋಟಕ್ಕೆ ಇಳಿಯಬೇಡಿ.

ಊರಿಗೆ ಬಂದ ಮರುದಿನ ಬೆಳಿಗ್ಗೆಯೇ ಅಣ್ಣ ಬೇಲಿ ಹತ್ರ ಹಾಜರ್. "ಎಲ್ಲಿ, ತಂದ್ಯನಾ?"

ಫೋನ್ ತೆಗೆದು ಖಾಲಿ ಕಂಬಗಳ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದರು. ಏನೂ ಅನ್ನಲಿಲ್ಲ. ಆಮೇಲೆ ಕೊಡಗಿನ ಅಪ್ಪಂಗಳದಲ್ಲಿರುವ ಭಾರತೀಯ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯ ಕೇಂದ್ರದ ವಿಷಯ ಹೇಳಿದೆ. ಸೊರಗು ರೋಗ ತಡೆದುಕೊಳ್ಳುವ ತೇವಂ, ಶಕ್ತಿ ತಳಿಗಳು ಆ ಸಂಸ್ಥೆಯವೇ. ಬುಕ್ ಮಾಡಿ ಕಾದರೆ ಆರೋಗ್ಯವಂತ ಗಿಡ ನಮ್ಮಲ್ಲೇ ಸಿಗುತ್ತದೆ.

"ಹಂಗಾರೆ ಮಳೆಗಾಲದೊಳಗೆ ಇಬ್ರೂ ಒಂದ್ಸಲ ಅಪ್ಪಂಗಳಕ್ಕೆ ಹೋಗಿ ಬರಣ" ಅಂದರು. ಅದಕ್ಕೆ ಪಾಸ್‌ಪೋರ್ಟ್ ಬೇಡ, ಬೆಳಿಗ್ಗೆ ಬೇಗ ಎದ್ದರೆ ಸಾಕು.